ಪ್ರೇಮಕತೆ ಬರೆದು ಅನ್ನ ಸಂಪಾದಿಸಿದ ಬಷೀರ್

ಪ್ರೇಮಕತೆ ಬರೆಯುವುದು ಒಂದು ಕೆಲಸವಾ? ನಮ್ಮ ಯಾವ ಮನೆಯಲ್ಲಾದರೂ ಈ ಪ್ರಶ್ನೆ ಕೇಳಿ ನೋಡಿ. ‘ಅದೆಂತ ಕೆಲಸ? ಒಂದು ಅಂಗಡಿ ಇಡು, ಇಲ್ಲದಿದ್ರೆ ಗಲ್ಫಿಗೆ ವೀಸಾ ನೋಡು’ ಎಂಬ ಉತ್ತರ ಅಡುಗೆಕೋಣೆಯಿಂದಲೇ ಬರುತ್ತದೆ. ಕತೆ ಬರೆಯುವ ಹುಡುಗನಿಗೆ ಹೆಣ್ಣು ಕೊಡುವವರು ಯಾರು ಎಂಬ ಚಿಂತೆ ಉಮ್ಮನಿಗೆ. ಕತೆ ಬರೆಯುವುದು ಹುಡುಗಿಯಾದರೆ, ಅದೂ ಪ್ರೇಮದ ಕತೆಯಾದರೆ, ಜಮಾಅತಿನವರು ಏನಂದುಕೊಳ್ಳುತ್ತಾರೋ ಎಂಬ ಚಿಂತೆ ಬಾಪನಿಗೆ. ಎರಡು ಚಿಂತೆಯೂ ಸುಳ್ಳಲ್ಲ. ಆದರೆ ಇದೇ ಚಿಂತೆಗಳ ನಡುವೆ, ನಮಗಿಂತ ಬಡವಾದ ಕಾಲದಲ್ಲಿ, ನಮ್ಮದೇ ಮಾತಿಗೆ ಹತ್ತಿರದ ಮಾತಿನಲ್ಲಿ ಪ್ರೇಮಕತೆ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಹೊತ್ತು ಮಾರಿ, ಅದರಿಂದಲೇ ಮನೆಗೆ ಅಕ್ಕಿ ತಂದ ಒಬ್ಬರಿದ್ದರು. ಅವರು ವೈಕಂ ಮುಹಮ್ಮದ್ ಬಷೀರ್.

ಬಷೀರ್ ತೀರಿಹೋದದ್ದು 1994ರ ಜುಲೈ 5ರಂದು. ಪ್ರತಿ ವರ್ಷ ಆ ದಿನ ಕೇರಳದ ಶಾಲೆಗಳಲ್ಲಿ ಮಕ್ಕಳು ಅವರ ಕತೆಯ ಪಾತ್ರಗಳ ವೇಷ ಹಾಕುತ್ತಾರೆ. ‘ಬೇಪೂರಿನ ಸುಲ್ತಾನ’ ಎಂಬ ಬಿರುದು, ಮ್ಯಾಂಗೋಸ್ಟೀನ್ ಮರದ ಕೆಳಗಿನ ಆರಾಮ ಕುರ್ಚಿ, ಪಕ್ಕದಲ್ಲಿ ಗ್ರಾಮಫೋನು, ಅದರಲ್ಲಿ ಸೈಗಲ್ ಹಾಡು. ಬಷೀರ್ ಅಂದ್ರೆ ಎಲ್ಲರಿಗೂ ನೆನಪಾಗುವ ಚಿತ್ರ ಇದು. ಆ ಕುರ್ಚಿಯಲ್ಲಿ ಕೂರುವ ಮೊದಲು ಅವರು ಮಾಡಿದ ದುಡಿಮೆಯ ಬಗ್ಗೆ ಮಾತು ಕಡಿಮೆ. ಈ ವಾರ ನಾವು ಆ ದುಡಿಮೆಯ ಲೆಕ್ಕವನ್ನೇ ಓದುಗರ ಮುಂದೆ ಇಡುತ್ತಿದ್ದೇವೆ.

ಸೈಕಲಿನಿಂದ ಬಿದ್ದವನು ಕತೆಗಾರನಾದ

1908ರ ಜನವರಿ 21ರಂದು ವೈಕಂ ಹತ್ತಿರದ ತಲಯೋಲಪರಂಬಿನಲ್ಲಿ ಹುಟ್ಟಿದ ಬಷೀರ್ ಮನೆಯ ಹಿರಿಮಗ. ಬಾಪನದು ಮರದ ವ್ಯಾಪಾರ. ವ್ಯಾಪಾರ ಚೆನ್ನಾಗಿದ್ದಾಗ ಮನೆಯೂ ಚೆನ್ನಾಗಿತ್ತು, ಬಿದ್ದಾಗ ಮನೆಯೂ ಬಿತ್ತು. ಬಂದರಿನಲ್ಲೋ ಮರದ ಮಿಲ್ಲಿನಲ್ಲೋ ವ್ಯಾಪಾರ ಮಾಡಿ ಏಳುಬೀಳು ಕಂಡ ನಮ್ಮ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವೈಕಂ ಸತ್ಯಾಗ್ರಹದ ಹೊತ್ತಿಗೆ ಗಾಂಧೀಜಿ ಆ ಊರಿಗೆ ಬಂದಿದ್ದರು. ಗುಂಪಿನಲ್ಲಿ ನುಗ್ಗಿ ಹೋಗಿ ಗಾಂಧೀಜಿಯನ್ನು ಮುಟ್ಟಿದ್ದನ್ನು ಬಷೀರ್ ಆಮೇಲೆ ಬಹಳ ಸಲ ಹೇಳಿಕೊಂಡಿದ್ದಾರೆ. ಶಾಲೆ ಬಿಟ್ಟು ಚಳವಳಿಗೆ ಇಳಿದರು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆಂದು ಕೋಝಿಕ್ಕೋಡಿಗೆ ಹೋಗಿ ಬಂಧನವಾಗಿ, ಕಣ್ಣೂರು ಜೈಲಿನಲ್ಲಿ ಮೂರು ತಿಂಗಳು ಕಳೆದರು. ಹೊರಗೆ ಬಂದು ‘ಉಜ್ಜೀವನಂ’ ಎಂಬ ಪತ್ರಿಕೆಯಲ್ಲಿ ಬರೆದರು, ಅದನ್ನೂ ಸರಕಾರ ನಿಲ್ಲಿಸಿತು. ಪೊಲೀಸರ ಕಣ್ಣು ತಪ್ಪಿಸಿ ಊರು ಬಿಟ್ಟವರು ವರ್ಷಗಟ್ಟಲೆ ತಿರುಗಿದರು. ಇಂಡಿಯಾ ಸುತ್ತಿ, ಅರಬ್ ಮತ್ತು ಆಫ್ರಿಕಾದ ಕರಾವಳಿಯವರೆಗೂ ಹೋದರು. ಆ ವರ್ಷಗಳಲ್ಲಿ ಅವರು ಮಾಡಿದ ಕೆಲಸಗಳು ಒಂದೆರಡಲ್ಲ: ಅಡುಗೆ, ಕಾವಲು, ಲೆಕ್ಕ ಬರೆಯುವುದು, ಪೇಪರ್ ಮಾರುವುದು, ಹಣ್ಣು ಮಾರುವುದು, ಕೈ ನೋಡಿ ಭವಿಷ್ಯ ಹೇಳುವುದು, ಹೊಟೇಲು ನೋಡಿಕೊಳ್ಳುವುದು. ಸೂಫಿಗಳ ಜೊತೆಗೂ ಇದ್ದರು, ಹಿಂದೂ ಸನ್ಯಾಸಿಗಳ ಜೊತೆಗೂ ಇದ್ದರು.

ಹಿಂತಿರುಗಿ ಬಂದಾಗ ಮನೆಯಲ್ಲಿ ಕಷ್ಟ. ಎರ್ನಾಕುಳಂನಲ್ಲಿ ಸಿಯಾಲ್‌ಕೋಟಿನ ಒಂದು ಆಟದ ಸಾಮಾನಿನ ಕಂಪೆನಿಗೆ ಏಜೆಂಟಾದರು. ಸೈಕಲಿನಲ್ಲಿ ಸುತ್ತಿ ಆರ್ಡರ್ ಹಿಡಿಯುವ ಕೆಲಸ. ಒಂದು ದಿನ ಸೈಕಲಿನಿಂದ ಬಿದ್ದರು. ತಿರುಗಾಡಲು ಆಗಲಿಲ್ಲ, ಕೆಲಸವೂ ಹೋಯಿತು. ಬೇರೆ ಕೆಲಸ ಹುಡುಕುತ್ತಾ ‘ಜಯಕೇಸರಿ’ ಎಂಬ ಸಣ್ಣ ಪತ್ರಿಕೆಯ ಆಫೀಸಿಗೆ ಹೋದರು. ಅಲ್ಲಿ ಸಂಪಾದಕರೂ ಒಬ್ಬರೇ, ಕೆಲಸದವರೂ ಅವರೊಬ್ಬರೇ. ಕೊಡಲು ಕೆಲಸ ಇಲ್ಲ, ಕತೆ ಬರೆದು ತಂದರೆ ದುಡ್ಡು ಕೊಡುತ್ತೇನೆ ಅಂದರಂತೆ. ಬಷೀರ್ ಬರೆದು ತಂದರು. 1937ರಲ್ಲಿ ಅಚ್ಚಾದ ಆ ಕತೆ ‘ಎಂಡೆ ತಂಗಂ’. ತಂಗಂ ಅಂದ್ರೆ ಚಿನ್ನ. ಕತೆ ಪ್ರೇಮದ್ದು.

ಆ ಕತೆಯ ನಾಯಕಿಗೆ ಬೆನ್ನು ಗೂನು, ಮೈ ಕಪ್ಪು. ಆ ಕಾಲದ ಪ್ರೇಮಕತೆಗಳಲ್ಲಿ ನಾಯಕಿ ಅಂದ್ರೆ ಚಂದ್ರನಂಥ ಮುಖ, ತಾವರೆಯಂಥ ಕಣ್ಣು. ಬಷೀರ್ ಮೊದಲ ಕತೆಯಲ್ಲೇ ಅದನ್ನು ಬಿಟ್ಟರು. ಹೊಟ್ಟೆಪಾಡಿಗೆ ಬರೆದ ಕತೆಯಾದರೂ ಮಾರುಕಟ್ಟೆಗೆ ಬೇಕಾದ ನಾಯಕಿಯನ್ನು ಅವರು ಕೊಡಲಿಲ್ಲ. ಹೆಣ್ಣು ನೋಡಲು ಹೋಗಿ ಬಣ್ಣ ಅಳೆದು ಬರುವ ನಮ್ಮ ಇಂದಿನ ಮನೆಗಳಿಗೆ ಈ ಕತೆ ಹಳತಾಗಿಲ್ಲ.

ಜೈಲಿನಲ್ಲಿ ಬರೆದ ‘ಪ್ರೇಮಲೇಖನಂ’

1940ರ ದಶಕದ ಮೊದಲ ವರ್ಷಗಳಲ್ಲಿ ಬಷೀರ್ ಮತ್ತೆ ಬಂಧನವಾದರು. ಅದು ತಿರುವಾಂಕೂರಿನಲ್ಲಿ ದಿವಾನ ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಆಡಳಿತದ ಕಾಲ. ಸರಕಾರದ ವಿರುದ್ಧ ಬರೆದದ್ದೇ ಅಪರಾಧ. ಕೊಲ್ಲಂ ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿ ಬಹಳ ದಿನ ಇಟ್ಟುಕೊಂಡು, ಆಮೇಲೆ ಎರಡೂವರೆ ವರ್ಷದ ಶಿಕ್ಷೆ ಹಾಕಿ ತಿರುವನಂತಪುರದ ಸೆಂಟ್ರಲ್ ಜೈಲಿಗೆ ಕಳಿಸಿದರು.

ಜೈಲಿನಲ್ಲಿ ಜೊತೆಯ ಕೈದಿಗಳಿಗೆ ಓದಲು ಕತೆ ಬೇಕಾಯಿತು. ಬಷೀರ್ ಅವರಿಗಾಗಿ ಬರೆದರು. ಹಾಗೆ ಹುಟ್ಟಿದ್ದು 1943ರಲ್ಲಿ ಬಂದ ‘ಪ್ರೇಮಲೇಖನಂ’ ಎಂಬ ಪುಟ್ಟ ಕಾದಂಬರಿ. ಬಂಧನದಲ್ಲಿದ್ದವನು ಕಣ್ಣೀರಿನ ಕತೆ ಬರೆದಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಇದು ಮೊದಲಿಂದ ಕೊನೆವರೆಗೆ ನಗಿಸುವ ಕತೆ.

ಕೇಶವನ್ ನಾಯರ್ ಒಬ್ಬ ಬ್ಯಾಂಕ್ ಗುಮಾಸ್ತ. ಅವನು ಬಾಡಿಗೆಗಿರುವ ಮನೆಯ ಯಜಮಾನನ ಮಗಳು ಸಾರಾಮ್ಮ, ಕ್ರಿಶ್ಚಿಯನ್ ಹುಡುಗಿ. ಮನೆಯಲ್ಲಿ ಮಲತಾಯಿ. ಓದಿದ್ದಾಳೆ, ಆದರೆ ಕೆಲಸ ಸಿಕ್ಕಿಲ್ಲ. ಎಲ್ಲಾದರೂ ಒಂದು ಕೆಲಸ ಕೊಡಿಸಿ ಎಂದು ಅವಳು ಕೇಳುತ್ತಲೇ ಇರುತ್ತಾಳೆ. ಕೊನೆಗೆ ಕೇಶವನ್ ನಾಯರ್ ಒಂದು ಕೆಲಸ ಹುಡುಕಿ ಕೊಡುತ್ತಾನೆ. ತನ್ನನ್ನು ಪ್ರೀತಿಸುವುದೇ ಆ ಕೆಲಸ! ತಿಂಗಳಿಗೆ ಇಂತಿಷ್ಟು ಎಂದು ಸಂಬಳ. ಸಾರಾಮ್ಮ ಒಪ್ಪಿಕೊಂಡು ಪಟ್ಟಾಗಿ ಸಂಬಳ ವಸೂಲು ಮಾಡುತ್ತಾಳೆ. ಮುಂದೆ ಹುಟ್ಟುವ ಮಗುವಿಗೆ ಯಾವ ಧರ್ಮದ ಹೆಸರಿಡುವುದು ಎಂಬ ಜಗಳ ಬಂದಾಗ ಚೀಟಿ ಎತ್ತುತ್ತಾರೆ. ಒಂದು ಚೀಟಿಯಲ್ಲಿ ‘ಆಕಾಶ’, ಇನ್ನೊಂದರಲ್ಲಿ ‘ಮಿಠಾಯಿ’. ಮಗುವಿನ ಹೆಸರು ಆಕಾಶ ಮಿಠಾಯಿ ಎಂದು ತೀರ್ಮಾನ.

ಇಷ್ಟಕ್ಕೇ 1944ರಲ್ಲಿ ತಿರುವಾಂಕೂರು ಸರಕಾರ ಪುಸ್ತಕವನ್ನು ನಿಷೇಧಿಸಿತು. ಪ್ರತಿಗಳನ್ನು ಮುಟ್ಟುಗೋಲು ಹಾಕಿತು. ಬರವಣಿಗೆಯಿಂದ ಬದುಕುವವನಿಗೆ ನಿಷೇಧ ಅಂದ್ರೆ ಬರೀ ಅವಮಾನ ಅಲ್ಲ. ಕಾಗದಕ್ಕೆ ಹಾಕಿದ ದುಡ್ಡು, ಅಚ್ಚಿಗೆ ಕೊಟ್ಟ ದುಡ್ಡು, ಮುಂದಿನ ತಿಂಗಳ ಊಟ ಎಲ್ಲ ಒಟ್ಟಿಗೆ ಹೋಯಿತು ಅಂತ ಅರ್ಥ. ಎರಡು ಸಮುದಾಯದ ಹುಡುಗ ಹುಡುಗಿ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರೂ ದೊಡ್ಡ ಸುದ್ದಿಯಾಗುವ ಕರಾವಳಿಯಲ್ಲಿ ಕುಳಿತು ನಾವು ಇದನ್ನು ಬರೆಯುತ್ತಿದ್ದೇವೆ. 80 ವರ್ಷದ ಹಿಂದೆ ಸರಕಾರಕ್ಕೆ ಹೆದರಿಕೆ ಹುಟ್ಟಿಸಿದ್ದು ಒಂದು ತಮಾಷೆಯ ಪ್ರೇಮಪತ್ರ ಎಂಬುದನ್ನು ನೆನಪಿಡುವುದು ಒಳ್ಳೆಯದು.

ಮಜೀದ್, ಸುಹ್ರಾ ಮತ್ತು ತಂಗಿಯರ ವರದಕ್ಷಿಣೆ

ಬಷೀರರ ಹೆಸರನ್ನು ನಿಲ್ಲಿಸಿದ ಕಾದಂಬರಿ ‘ಬಾಲ್ಯಕಾಲಸಖಿ’. 1944ರಲ್ಲಿ ಬಂತು. ಇದನ್ನು ಅವರು ಮೊದಲು ಇಂಗ್ಲಿಷಿನಲ್ಲಿ ಬರೆಯಲು ತೊಡಗಿದ್ದರು. ಆಮೇಲೆ ಅದನ್ನು ಬಿಟ್ಟು ತನ್ನ ಉಮ್ಮನ ಮಾತಿಗೆ ಬಂದರು. ಜೈಲಿನಲ್ಲಿದ್ದಾಗ ವಿಮರ್ಶಕ ಎಂ.ಪಿ. ಪೌಲ್ ಇದನ್ನು ಪ್ರಕಟಿಸಲು ಹೊರಟರೂ ಬಷೀರ್ ಬೇಡ ಅಂದರು. ಇನ್ನೂ ತಿದ್ದಬೇಕಿತ್ತು. ಹೊರಗೆ ಬಂದು ಮತ್ತೆ ತಿದ್ದಿ ಬರೆದ ಮೇಲೆಯೇ ಪೌಲರ ಮುನ್ನುಡಿಯೊಂದಿಗೆ ಅಚ್ಚಿಗೆ ಕೊಟ್ಟರು. ದುಡ್ಡಿನ ಅಗತ್ಯ ಇದ್ದ ಹೊತ್ತಿನಲ್ಲಿ ಕೈಯಲ್ಲಿದ್ದ ಪುಸ್ತಕವನ್ನು ತಡೆದಿಟ್ಟುಕೊಳ್ಳುವುದು ಸಣ್ಣ ಮಾತಲ್ಲ. ಕೊನೆಗೆ ಉಳಿದದ್ದು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದಾದ ತೆಳು ಪುಸ್ತಕ.

ಕತೆ ನಮ್ಮ ಯಾವ ಊರಿನದ್ದೂ ಆಗಬಹುದು. ಮಜೀದ್ ಸ್ಥಿತಿವಂತರ ಮನೆಯ ಹುಡುಗ. ಸುಹ್ರಾ ಅಡಿಕೆ ವ್ಯಾಪಾರ ಮಾಡುವ ಬಡವನ ಮಗಳು. ಲೆಕ್ಕದಲ್ಲಿ ಸುಹ್ರಾ ಮುಂದೆ, ಮಜೀದ್ ಹಿಂದೆ. ಒಂದಕ್ಕೆ ಒಂದು ಸೇರಿದರೆ ಎಷ್ಟು ಎಂದು ಮಾಸ್ತರು ಕೇಳಿದಾಗ, ಎರಡು ತೋಡು ಸೇರಿ ಒಂದು ದೊಡ್ಡ ಹೊಳೆ ಆಗುವುದನ್ನು ನೋಡಿದ್ದ ಮಜೀದ್ ‘ಸ್ವಲ್ಪ ದೊಡ್ಡ ಒಂದು’ ಎಂದು ಹೇಳಿ ಪೆಟ್ಟು ತಿನ್ನುತ್ತಾನೆ. ಸುಹ್ರಾಳ ಬಾಪ ತೀರಿಕೊಂಡಾಗ ಅವಳ ಓದು ನಿಲ್ಲುತ್ತದೆ. ಅವಳನ್ನು ನಾವೇ ಓದಿಸೋಣ ಎಂದು ಮಜೀದ್ ತನ್ನ ಬಾಪನಲ್ಲಿ ಕೇಳುತ್ತಾನೆ. ಬಾಪ ಒಪ್ಪುವುದಿಲ್ಲ. ಲೆಕ್ಕದಲ್ಲಿ ಜಾಣೆಯಾದ ಹುಡುಗಿ ಮನೆಯಲ್ಲಿ ಕೂರುತ್ತಾಳೆ, ಲೆಕ್ಕ ಬಾರದ ಹುಡುಗ ಶಾಲೆಗೆ ಹೋಗುತ್ತಾನೆ.

ಬಾಪನೊಡನೆ ಜಗಳವಾಗಿ ಊರು ಬಿಟ್ಟ ಮಜೀದ್ ಎಷ್ಟೋ ವರ್ಷದ ಮೇಲೆ ಬರುವಾಗ ಆಸ್ತಿ ಹೋಗಿದೆ. ಸುಹ್ರಾಳನ್ನು ಒಬ್ಬ ಕಟುಕನಿಗೆ ಕೊಟ್ಟಿದ್ದಾರೆ. ಪೆಟ್ಟು ತಿಂದು, ಸೊರಗಿ, ಅವಳು ತವರಿಗೆ ಬರುತ್ತಾಳೆ. ಇಬ್ಬರಿಗೂ ಮದುವೆಯಾಗುವ ಮನಸ್ಸಿದೆ. ಅಡ್ಡ ಬರುವುದು ಖಳನಾಯಕ ಅಲ್ಲ, ವರದಕ್ಷಿಣೆ. ಮಜೀದನಿಗೆ ಇಬ್ಬರು ತಂಗಿಯರು. ಅವರ ಮದುವೆ ಆಗದೆ ತಾನು ಹೇಗೆ ಆಗುವುದು? ದುಡ್ಡು ಮಾಡಲು ದೂರದ ನಗರಕ್ಕೆ ಹೋಗುತ್ತಾನೆ. ಅಪಘಾತದಲ್ಲಿ ಒಂದು ಕಾಲು ಹೋಗುತ್ತದೆ. ಕೊನೆಗೆ ಹೊಟೇಲಿನಲ್ಲಿ ಎಂಜಲು ಪಾತ್ರೆ ತೊಳೆಯುವ ಕೆಲಸ. ಅಲ್ಲಿಗೆ ಕಾಗದ ಬರುತ್ತದೆ, ಸುಹ್ರಾ ಕ್ಷಯದಿಂದ ತೀರಿಹೋದಳು ಎಂದು.

ತಂಗಿಯರನ್ನು ದಾಟಿಸುವವರೆಗೆ ಗಲ್ಫಿನಲ್ಲಿ ದುಡಿದು, ತಲೆ ನರೆತ ಮೇಲೆ ನಿಕಾಹ್ ಆದ ಅಣ್ಣಂದಿರನ್ನು ನಾವು ಎಷ್ಟು ನೋಡಿಲ್ಲ? ಚಿನ್ನ ಸಾಲದೆ ಬೀಡಿ ಸುತ್ತುತ್ತಾ ಮನೆಯಲ್ಲೇ ಉಳಿದ ಅಕ್ಕಂದಿರನ್ನು ಎಷ್ಟು ನೋಡಿಲ್ಲ? ಮಹರ್ ಕೊಡುವುದು ಗಂಡಿನ ಹೊಣೆ ಎಂದು ಮದ್ರಸದಲ್ಲಿ ಕಲಿಯುತ್ತೇವೆ, ಹೆಣ್ಣಿನ ಮನೆಯಿಂದ ಎಣಿಸಿ ತೆಗೆದುಕೊಳ್ಳುವುದನ್ನು ಊರಿನಲ್ಲಿ ಕಲಿಯುತ್ತೇವೆ. ವರದಕ್ಷಿಣೆಯ ವಿರುದ್ಧ ವೇದಿಕೆಯ ಮೇಲೆ ಆಗುವ ಭಾಷಣಗಳು ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಗುತ್ತವೆ. ‘ಬಾಲ್ಯಕಾಲಸಖಿ’ಯಲ್ಲಿ ಭಾಷಣ ಇಲ್ಲ. ಓದಿ ಮುಗಿಸಿದವನು ಮಾತ್ರ ‘ಹುಡುಗಿ ಕಡೆಯವರು ಎಷ್ಟು ಹಾಕ್ತಾರೆ?’ ಎಂಬ ಮಾತನ್ನು ಮೊದಲಿನಷ್ಟು ಸಲೀಸಾಗಿ ಆಡಲಾರ. ಪ್ರೇಮಕಾದಂಬರಿ ಮಾಡುವ ಕೆಲಸ ಇದೇ.

ತಾನೇ ಬರೆದು, ತಾನೇ ಹೊತ್ತು

ಬರೆದರೆ ಮಾತ್ರ ಸಾಕೇ? ಮಾರಾಟ ಆಗಬೇಡವೇ? ಆರಂಭದ ವರ್ಷಗಳಲ್ಲಿ ಬಷೀರ್ ತನ್ನ ಪುಸ್ತಕಗಳನ್ನು ತಾನೇ ಪ್ರಕಟಿಸಿ, ಕಟ್ಟು ಕಟ್ಟಿ ಹೊತ್ತುಕೊಂಡು ಮನೆ ಮನೆಗೆ ಹೋಗಿ ಮಾರಿದರು. ಆಟದ ಸಾಮಾನಿನ ಏಜೆಂಟ್ ಆಗಿ ಕಲಿತ ವಿದ್ಯೆ ಇಲ್ಲಿ ಉಪಯೋಗಕ್ಕೆ ಬಂತು ಅಂತ ಕಾಣುತ್ತದೆ. ತಲೆ ಮೇಲೆ ಬಟ್ಟೆಯ ಗಂಟು ಹೊತ್ತು, ಬುಟ್ಟಿಯಲ್ಲಿ ಮೀನು ಹೊತ್ತು ಹಳ್ಳಿ ಹಳ್ಳಿ ಸುತ್ತಿ ವ್ಯಾಪಾರ ಮಾಡಿದ ಹಿರಿಯರು ನಮ್ಮಲ್ಲೂ ಇದ್ದರು. ಬಷೀರರ ಗಂಟಿನಲ್ಲಿ ಇದ್ದದ್ದು ಪ್ರೇಮಕತೆ.

ಆಮೇಲೆ ಎರ್ನಾಕುಳಂನಲ್ಲಿ ಪುಸ್ತಕದಂಗಡಿ ಇಟ್ಟರು. ಮೊದಲು ‘ಸರ್ಕಲ್ ಬುಕ್ ಹೌಸ್’, ನಂತರ ‘ಬಷೀರ್ಸ್ ಬುಕ್ ಸ್ಟಾಲ್’. ಅಂಗಡಿ ಇಡು ಎಂದು ಹೇಳುವ ಉಮ್ಮಂದಿರಿಗೆ ಇದು ಸಮಾಧಾನ ತರಬಹುದು: ಕತೆಗಾರನೂ ಅಂಗಡಿ ಇಡಬಹುದು!

ಇದನ್ನು ವಿವರವಾಗಿ ಹೇಳಲು ಕಾರಣ ಉಂಟು. ಕತೆಗಾರ ಅಂದ್ರೆ ಆಕಾಶ ನೋಡುತ್ತಾ ಕೂರುವವನು ಎಂಬ ಭಾವನೆ ನಮ್ಮಲ್ಲಿ ಹೋಗಿಲ್ಲ. ಬಷೀರರ ದಿನಚರಿಯಲ್ಲಿ ಬರೆಯುವುದು, ಹರಿದು ಹಾಕುವುದು, ಮತ್ತೆ ಬರೆಯುವುದು, ಪ್ರೆಸ್ಸಿಗೆ ಅಲೆಯುವುದು, ಸಾಲ ಕೊಟ್ಟ ಪುಸ್ತಕದ ದುಡ್ಡು ವಸೂಲಿಗೆ ಹೋಗುವುದು ಎಲ್ಲವೂ ಇತ್ತು. ಬೆವರು ಸುರಿಸಿ ಮಾಡುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸ ಎಲ್ಲಿದೆ?

ಅಡುಗೆಕೋಣೆಯ ಮಾತೇ ಸಾಹಿತ್ಯ

1951ರಲ್ಲಿ ಬಂದ ಕಾದಂಬರಿಯ ಹೆಸರೇ ಮನೆಮಾತಿನದ್ದು: ‘ನ್‌ಡುಪ್ಪುಪ್ಪಾಕ್ಕೊರಾನೇಂಡಾರ್ನ್ನು’. ನನ್ನ ಅಜ್ಜನಿಗೊಂದು ಆನೆ ಇತ್ತು ಎಂದು ಅರ್ಥ. ಶಾಲೆಯ ಮಲಯಾಳಂ ಕಲಿತವರಿಗೆ ಇದನ್ನು ಓದಲು ನಾಲಿಗೆ ತಡವರಿಸುತ್ತದೆ. ಮಲಯಾಳಂ ಅಕ್ಷರ ಗೊತ್ತಿಲ್ಲದ ಬ್ಯಾರಿಗೆ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ, ಅರೆ ಇದು ನಮ್ಮ ಮಾತಿನ ಹಾಗೇ ಉಂಟಲ್ಲ ಅನ್ನಿಸುತ್ತದೆ. ‘ಉಮ್ಮ’, ‘ಬಾಪ’, ‘ಉಪ್ಪ’ಗಳ ಲೋಕ ಅದು. ಇಂಗ್ಲಿಷಿಗೆ ಅದನ್ನು ತಂದ ಭಾಷಾವಿದ್ವಾಂಸ ಆರ್.ಇ. ಆಶರ್ ಕೂಡ ಶಿಷ್ಟ ಇಂಗ್ಲಿಷನ್ನು ಬಿಟ್ಟು, ‘ಮಿ ಗ್ರ್ಯಾಂಡ್‌ಡ್ಯಾಡ್ ಆ್ಯಡ್ ಆ್ಯನ್ ಎಲಿಫೆಂಟ್’ ಎಂದು ಆಡುಮಾತಿನ ಹೆಸರನ್ನೇ ಇಟ್ಟರು. ಎಡಿನ್‌ಬರೋ ವಿಶ್ವವಿದ್ಯಾಲಯ 1980ರಲ್ಲಿ ಅದನ್ನು ಪ್ರಕಟಿಸಿತು.

ಕತೆಯಲ್ಲಿ ಕುಂಞುಪಾತುಮ್ಮ ಎಂಬ ಹುಡುಗಿ. ಅವಳ ಉಮ್ಮನಿಗೆ ತನ್ನ ತಂದೆಯ ಆನೆಯದ್ದೇ ಜಂಬ. ಕೇಸಿನಲ್ಲಿ ಆಸ್ತಿ ಎಲ್ಲ ಹೋಗಿ ಸಣ್ಣ ಮನೆಗೆ ಬಂದರೂ ಆನೆಯ ಮಾತು ನಿಲ್ಲುವುದಿಲ್ಲ. ಪಕ್ಕದ ಮನೆಗೆ ಓದಿದ ಒಂದು ಮುಸ್ಲಿಂ ಕುಟುಂಬ ಬರುತ್ತದೆ. ಆ ಮನೆಯ ಆಯಿಷಾ ಕುಂಞುಪಾತುಮ್ಮಳಿಗೆ ಅಕ್ಷರ ಕಲಿಸುತ್ತಾಳೆ. ಆಯಿಷಾಳ ಅಣ್ಣ ನಿಸಾರ್ ಅಹಮದನ ಮೇಲೆ ಕುಂಞುಪಾತುಮ್ಮಳಿಗೆ ಪ್ರೀತಿ. ಈ ಕತೆ ದುಃಖದಲ್ಲಿ ಮುಗಿಯುವುದಿಲ್ಲ, ಮದುವೆ ನಡೆಯುತ್ತದೆ. ಅಜ್ಜನ ಆನೆ ಮಾತ್ರ ಕೊನೆಗೆ ಮಕ್ಕಳ ಬಾಯಲ್ಲಿ ‘ಕುಳಿಯಾನ’ ಆಗಿಬಿಡುತ್ತದೆ. ಕುಳಿಯಾನ ಅಂದ್ರೆ ಜಗಲಿಯ ಕೆಳಗಿನ ಹುಡಿಮಣ್ಣಿನಲ್ಲಿ ಗುಂಡಿ ತೋಡಿ ಕೂರುವ ಸಣ್ಣ ಹುಳ!

ತರವಾಡಿನ ಹೆಸರು ಹೇಳಿ ಎದೆ ಉಬ್ಬಿಸುವವರನ್ನು ಬಷೀರ್ ಬೈಯಲಿಲ್ಲ. ನಗಿಸಿದರು, ಅಷ್ಟೆ. ಹೊರಗಿನವರು ಹೀಗೆ ನಕ್ಕಿದ್ದರೆ ನೋವಾಗುತ್ತಿತ್ತು. ಒಳಗಿನವನು, ಆ ಉಮ್ಮನ ಭಾಷೆಯಲ್ಲೇ ಮಾತಾಡುವವನು ನಕ್ಕಾಗ ಅದು ಮನೆಯವರ ತಮಾಷೆಯಾಗುತ್ತದೆ. ಆದರೂ ಸಮುದಾಯದ ಒಳಗಿನಿಂದಲೇ ಅವರಿಗೆ ಆಕ್ಷೇಪಗಳು ಬಂದವು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

ಮನಿಯಾರ್ಡರು ಬಂದ ದಿನ

ಪ್ರೇಮಕತೆಗಾರನ ಮನೆ ಹೇಗಿರುತ್ತದೆ? ಇದನ್ನು ತಿಳಿಯಲು 1959ರಲ್ಲಿ ಬಂದ ‘ಪಾತುಮ್ಮಾಯುಡೆ ಆಡು’ ಓದಬೇಕು. ಮಾನಸಿಕ ಅಸ್ವಸ್ಥತೆಯಿಂದ ತ್ರಿಶೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹೊತ್ತಿನಲ್ಲಿ ಬಷೀರ್ ಇದನ್ನು ಬರೆದರು. ಮಾಮೂಲಾಗಿ ಹಲವು ಸಲ ತಿದ್ದುವ ಅವರು ಇದನ್ನು ಬರೆದ ಹಾಗೇ ಬಿಟ್ಟರು. ಕತೆಯಲ್ಲಿ ಬಷೀರರೇ ಪಾತ್ರ. ವಿಶ್ರಾಂತಿ ಬೇಕೆಂದು ಊರಿನ ಮನೆಗೆ ಬಂದರೆ ಅಲ್ಲಿ ಉಮ್ಮ, ತಮ್ಮಂದಿರು, ತಂಗಿಯರು, ನಾದಿನಿಯರು, ಮಕ್ಕಳು, ಕೋಳಿ, ಬೆಕ್ಕು, ಎಲ್ಲಕ್ಕೂ ಮಿಗಿಲಾಗಿ ತಂಗಿ ಪಾತುಮ್ಮಳ ಆಡು.

ಬರೆದದ್ದಕ್ಕೆ ದುಡ್ಡು ಬಂತೆಂದು ಗೊತ್ತಾದರೆ ಸಾಕು, ಒಬ್ಬೊಬ್ಬರೇ ಗುಟ್ಟಿನಲ್ಲಿ ಬಂದು ಕೈ ಚಾಚುತ್ತಾರೆ. ಉಮ್ಮನಿಗೆ ಇಷ್ಟು, ತಂಗಿಗೆ ಇಷ್ಟು, ಮಕ್ಕಳಿಗೆ ಇಷ್ಟು. ‘ಅವನಿಗೆ ಹೇಳಬೇಡ’ ಎಂಬ ಮಾತು ಎಲ್ಲರದ್ದೂ. ತಿಂಗಳ ಕೊನೆಗೆ ಅಬುಧಾಬಿಯಿಂದಲೋ ಜುಬೈಲಿನಿಂದಲೋ ದುಡ್ಡು ಕಳಿಸುವ ನಮ್ಮ ಹುಡುಗರಿಗೆ ಈ ಪುಟಗಳನ್ನು ಓದಿದರೆ ನಗುವೂ ಬಂದೀತು, ಕಣ್ಣೂ ಒದ್ದೆಯಾದೀತು.

ತಮ್ಮ ಅಬ್ದುಲ್ ಖಾದರ್ ಅಂತೂ ಅಣ್ಣನ ಬರವಣಿಗೆಯಲ್ಲಿ ವ್ಯಾಕರಣವೇ ಇಲ್ಲ, ಕಲಿತು ಬರೆಯಬೇಕು ಎಂದು ಪಾಠ ಹೇಳುತ್ತಾನೆ. ಆಡು ಇನ್ನೂ ಒಂದು ಹೆಜ್ಜೆ ಮುಂದೆ. ಅದು ‘ಬಾಲ್ಯಕಾಲಸಖಿ’ಯನ್ನೂ ‘ಶಬ್ದಂಗಳ್’ ಕಾದಂಬರಿಯನ್ನೂ ತಿಂದೇ ಹಾಕುತ್ತದೆ! ಕಂಬಳಿಗೆ ಬಾಯಿ ಹಾಕಿದಾಗ ಮಾತ್ರ ಲೇಖಕರು ಓಡಿ ಬರುತ್ತಾರೆ. ಪುಸ್ತಕ ಇನ್ನೊಂದು ಪ್ರತಿ ಸಿಕ್ಕೀತು, ಕಂಬಳಿಗೆ ಎಲ್ಲಿ ಹೋಗುವುದು?

ನಗುವಿನ ಈ ಪುಸ್ತಕ ಬರೆದದ್ದು ಮನಸ್ಸು ಕೈಕೊಟ್ಟಿದ್ದ ಕಾಲದಲ್ಲಿ ಎಂಬುದನ್ನು ಮರೆಯಬಾರದು. ಬಷೀರ್ ಆ ಕಾಯಿಲೆಯನ್ನು ಮುಚ್ಚಿಡಲಿಲ್ಲ. ‘ಜಿನ್ನ್ ಹಿಡಿದಿದೆ’ ಎಂದು ನೂಲು ಕಟ್ಟಿಸಿ, ನೆರೆಕರೆಗೆ ತಿಳಿಯದ ಹಾಗೆ ಒಳಕೋಣೆಯಲ್ಲಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ಚಿಕಿತ್ಸೆ ಪಡೆದು, ಗುಣವಾಗಿ, ಮತ್ತೆ ದಶಕಗಳ ಕಾಲ ಬರೆದು ಬದುಕಿದ ಒಬ್ಬರ ಉದಾಹರಣೆ ಅಂಥ ಮನೆಗಳಿಗೆ ಧೈರ್ಯ ಕೊಡಬೇಕು.

ಗೋಡೆಯ ಆಚೆಯ ದನಿ, ಗೋಡೆಯ ಈಚೆಯ ಮನೆ

ಇಷ್ಟೆಲ್ಲ ಪ್ರೇಮ ಬರೆದವರಿಗೆ ಸ್ವಂತ ಮದುವೆ ಆದದ್ದು 50ರ ಆಸುಪಾಸಿನಲ್ಲಿ. ಹೆಂಡತಿ ಫಾತಿಮಾ ಬೀ. ಎರಡು ಹೆಸರಿನ ಮೊದಲ ಅಕ್ಷರ ಸೇರಿಸಿ ಬಷೀರ್ ‘ಫಾಬಿ’ ಎಂದು ಕರೆದರು. ಮಕ್ಕಳು ಶಾಹಿನಾ ಮತ್ತು ಅನೀಸ್. 1960ರ ದಶಕದಲ್ಲಿ ಸಂಸಾರ ಕೋಝಿಕ್ಕೋಡು ಪಕ್ಕದ ಬೇಪೂರಿಗೆ ಬಂತು. ಬೇಪೂರು ಮರದ ಉರು ಕಟ್ಟುವವರ ಬಂದರು. ಮಂಗಳೂರಿನ ಬಂದರ್‌ನಲ್ಲಿ ಮಂಜಿ ನೋಡಿ ಬೆಳೆದವರಿಗೆ ಆ ಊರು ಅಪರಿಚಿತ ಅನ್ನಿಸದು.

ಸಿನಿಮಾ ಕೂಡ ಅವರ ದುಡಿಮೆಯ ಭಾಗವಾಯಿತು. ತನ್ನ ‘ನೀಲವೆಳಿಚ್ಚಂ’ ಕತೆಗೆ ತಾವೇ ಚಿತ್ರಕತೆ ಬರೆದರು. ಎ. ವಿನ್ಸೆಂಟ್ ನಿರ್ದೇಶನದಲ್ಲಿ 1964ರಲ್ಲಿ ಬಂದ ಆ ಚಿತ್ರವೇ ‘ಭಾರ್ಗವಿ ನಿಲಯಂ’. ಬಾಬುರಾಜ್ ಸಂಗೀತದ ಅದರ ಹಾಡುಗಳು ಇಂದಿಗೂ ಹಳಬರ ಬಾಯಲ್ಲಿವೆ.

1965ರ ‘ಮತಿಲುಗಳ್’ ಅಂದ್ರೆ ಗೋಡೆಗಳು. ಜೈಲಿನಲ್ಲಿ ಬಷೀರ್ ಎಂಬ ಕೈದಿ, ಗೋಡೆಯ ಆಚೆ ಹೆಂಗಸರ ಜೈಲಿನಲ್ಲಿ ನಾರಾಯಣಿ. ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿಲ್ಲ. ಮಾತು ಮಾತ್ರ. ಅವಳು ಬಂದಿದ್ದಾಳೆ ಎಂಬುದಕ್ಕೆ ಗುರುತು, ಗೋಡೆಯ ಮೇಲಕ್ಕೆ ಹಾರುವ ಒಂದು ಒಣ ಕಡ್ಡಿ. ಇವನು ಗುಲಾಬಿ ಗಿಡ ಕೊಡುತ್ತಾನೆ. ಆಸ್ಪತ್ರೆಯಲ್ಲಿ ಒಮ್ಮೆ ನೋಡೋಣ ಎಂದು ದಿನ ಗೊತ್ತು ಮಾಡುತ್ತಾರೆ. ಅಷ್ಟರಲ್ಲಿ ಇವನಿಗೆ ಬಿಡುಗಡೆಯ ಆದೇಶ ಬರುತ್ತದೆ. ಅಡೂರು ಗೋಪಾಲಕೃಷ್ಣನ್ ಇದನ್ನು ಸಿನಿಮಾ ಮಾಡಿದರು. ಮಮ್ಮುಟ್ಟಿ ಬಷೀರನ ಪಾತ್ರದಲ್ಲಿ, ಕೆ.ಪಿ.ಎ.ಸಿ. ಲಲಿತಾ ನಾರಾಯಣಿಯ ದನಿಯಲ್ಲಿ. ಕೈ ಮುಟ್ಟದೆ, ಮುಖ ಕಾಣದೆ ನಡೆಯುವ ಈ ಪ್ರೇಮಕತೆಯನ್ನು ಅಶ್ಲೀಲ ಅನ್ನುವವರು ಯಾರಿದ್ದಾರೆ?

ಫಾಬಿ ಆಮೇಲೆ ತನ್ನ ನೆನಪುಗಳನ್ನು ಪುಸ್ತಕವಾಗಿ ತಂದರು. ಹೆಸರು ‘ಬಷೀರಿಂಡೆ ಎಡಿಯೇ’. ‘ಎಡಿಯೇ’ ಅಂದ್ರೆ ಗಂಡ ಹೆಂಡತಿಯನ್ನು ಕರೆಯುವ ‘ಏ ಇವಳೇ’. ಊರಿನವರೆಲ್ಲ ನೋಡಲು ಬರುವ ಸುಲ್ತಾನನ ಮನೆಯಲ್ಲಿ ಬಂದವರಿಗೆಲ್ಲ ಚಾ ಮಾಡಿ ಕೊಟ್ಟವರು ಆಕೆ. ಕಾದಂಬರಿಕಾರನ ದುಡಿಮೆಯ ಲೆಕ್ಕ ಬರೆಯುವಾಗ ಈ ದುಡಿಮೆಯನ್ನೂ ಅದೇ ಪುಟದಲ್ಲಿ ಬರೆಯಬೇಕು.

1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಫೆಲೋಶಿಪ್, 1982ರಲ್ಲಿ ಪದ್ಮಶ್ರೀ ಬಂತು. ಗಂಟು ಹೊತ್ತು ಮನೆ ಮನೆಗೆ ಮಾರಿದ ಪುಸ್ತಕಗಳೇ ಅವನ್ನು ತಂದುಕೊಟ್ಟದ್ದು.

ಚಂದ್ರಗಿರಿಯ ಈಚೆ

ಇದೆಲ್ಲ ಕೇರಳದ ಕತೆ, ನಮಗೆಂತ ಅನ್ನಬೇಡಿ. ನಮ್ಮ ಕರಾವಳಿಯ ಸಾರಾ ಅಬೂಬಕರ್ ನಡೆದದ್ದೂ ಇದೇ ದಾರಿ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ, ಕನ್ನಡದಲ್ಲಿ ಓದಿ, ಸಂಸಾರ ನಡೆಸಿ, ನಾಲ್ಕು ಗಂಡುಮಕ್ಕಳನ್ನು ಬೆಳೆಸಿದ ಮೇಲೆ ಬರೆಯಲು ಕೂತವರು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ನಾವು ತಲಾಖಿನ ಕತೆ ಎಂದು ನೆನಪಿಟ್ಟಿದ್ದೇವೆ. ಅದು ನಾದಿರಾ ಮತ್ತು ರಶೀದ್ ಎಂಬ ಗಂಡ ಹೆಂಡತಿಯ ಪ್ರೇಮದ ಕತೆಯೂ ಹೌದು. ಪ್ರೀತಿ ಇದ್ದೂ ಒಟ್ಟಿಗೆ ಇರಲು ಬಿಡದ ಹಿರಿಯರ ಹಟದ ಕತೆ. ಸಾರಾ ಅವರಿಗೆ ವಿರೋಧ ಎಷ್ಟು ಬಂತೆಂದು ಹಿರಿಯ ಓದುಗರಿಗೆ ಗೊತ್ತಿದೆ. 1994ರಿಂದ ಅವರು ತನ್ನದೇ ‘ಚಂದ್ರಗಿರಿ ಪ್ರಕಾಶನ’ದಿಂದ ಪುಸ್ತಕ ತಂದರು. ಮಲಯಾಳಂನಿಂದ ಕನ್ನಡಕ್ಕೆ ಅನುವಾದವನ್ನೂ ಮಾಡಿದರು. 2023ರ ಜನವರಿಯಲ್ಲಿ ತೀರಿಹೋಗುವವರೆಗೂ ಹೆಸರು ನಿಂತದ್ದು ಬರವಣಿಗೆಯಿಂದಲೇ.

2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ನಮ್ಮ ಭಾಷೆಯಲ್ಲಿ ಬರೆಯುವವರಿಗೆ ಒಂದು ವೇದಿಕೆ ಸಿಕ್ಕಿದೆ. ಪದ್ಯ, ಗಾದೆ, ಲೇಖನ ಬರುತ್ತವೆ. ಮೈಲಾಂಜಿ ಹಾಡಿನಲ್ಲಿ ಮದುಮಗಳನ್ನು ಹಾಡಿ ಹೊಗಳುತ್ತೇವೆ, ಅದೇ ಮದುಮಗಳ ಮನಸ್ಸಿನಲ್ಲಿ ಏನಿತ್ತೆಂದು ಒಂದು ಕಾದಂಬರಿ ಬರೆಯಲು ಹಿಂಜರಿಯುತ್ತೇವೆ. ಬರೆಯುವ ಹುಡುಗಿಯರು ಕಾಲೇಜುಗಳಲ್ಲಿ ಇದ್ದಾರೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದು, ಮನೆಯವರಿಗೆ ಸಿಗದ ಹಾಗೆ ಇಡುತ್ತಾರೆ. ಹೆಚ್ಚಿನ ನೋಟ್‌ಬುಕ್ಕುಗಳು ಮದುವೆಯ ಹೊತ್ತಿಗೆ ಗುಜರಿಗೆ ಹೋಗುತ್ತವೆ.

ಅವರಿಗೆ ನಾವು ಮಾಡಬಹುದಾದ ಸಹಾಯ ದೊಡ್ಡದೇನೂ ಅಲ್ಲ. ಬರೆಯಲು ಕೂತಾಗ ‘ಸುಮ್ನೆ ಕೂತಿದ್ದೀಯಾ, ಈ ಪಾತ್ರೆ ತೊಳಿ’ ಅನ್ನದಿರುವುದು ಒಂದು. ಪುಸ್ತಕ ಬಂದಾಗ ‘ಒಂದು ಫ್ರೀ ಕಾಪಿ ಕೊಡಿ’ ಅನ್ನದೆ ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಇನ್ನೊಂದು. ಮದುವೆ ಹಾಲಿನ ಬಾಗಿಲಲ್ಲಿ ಅತ್ತರು, ಸಿಹಿ ಹಂಚುವಾಗ ಒಂದು ಪುಸ್ತಕವನ್ನೂ ಹಂಚುವ ಮನೆಯವರು ಅಲ್ಲಲ್ಲಿ ಇದ್ದಾರೆ, ಆ ಸಂಖ್ಯೆ ಹೆಚ್ಚಬೇಕು. ಬಷೀರರ ಕೃತಿಗಳು ಕನ್ನಡದಲ್ಲೂ ಸಿಗುತ್ತವೆ. ಈ ರಜೆಯಲ್ಲಿ ‘ಬಾಲ್ಯಕಾಲಸಖಿ’ಯನ್ನು ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಲಿ. ತಂಗಿಯರ ವರದಕ್ಷಿಣೆಗೆಂದು ಮಜೀದ್ ಊರು ಬಿಡುವ ಪುಟ ಬಂದಾಗ ಸ್ವಲ್ಪ ನಿಲ್ಲಿಸಿ, ನಮ್ಮ ಮನೆಯ ಮುಂದಿನ ಮದುವೆಯ ಬಗ್ಗೆ ನಾಲ್ಕು ಮಾತು ಆಡಲಿ.